ನಮ್ಮ ಮನೆಯ ಉಪ್ಪು ಬಣ್ಣ ಬದಲಿಸಲಿಲ್ಲ

ಹೋದ ತಿಂಗಳು ಆಶಾ ಅಕ್ಕ ಶಾಲೆಗೆ ಬಂದಾಗ ನಾವೆಲ್ಲ ಮನೆಯಿಂದ ಒಂದೊಂದು ಚಮಚ ಉಪ್ಪನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗಿದ್ದೆವು, ನೆನಪಿದೆಯಲ್ಲ? ಅಕ್ಕ ಚಿಕ್ಕ ಬಾಟಲಿಯಿಂದ ಒಂದೊಂದು ಹನಿ ಬಿಟ್ಟರು. ಕೆಲವರ ಉಪ್ಪು ನೇರಳೆ ಬಣ್ಣಕ್ಕೆ ತಿರುಗಿತು. ನನ್ನದು ಬೆಳ್ಳಗೇ ಉಳಿಯಿತು. ಹಿಂದಿನಿಂದ ಯಾರೋ ನಕ್ಕರು. ಯಾರು ಅಂತ ಗೊತ್ತು, ಇಲ್ಲಿ ಬರೆಯುವುದಿಲ್ಲ.

ಅಕ್ಕ ನಗಲಿಲ್ಲ. "ನಿಮ್ಮ ಮನ್ಯಾಗ ಬಸುರಿ ಹೆಂಗಸರು ಯಾರಾದ್ರೂ ಅದಾರೇನು?" ಅಂತ ಕೇಳಿದರು. ನಮ್ಮ ಅತ್ತಿಗೆಗೆ ಆಗ ಮೂರು ತಿಂಗಳು. ಉಪ್ಪಿಗೂ ಅತ್ತಿಗೆಗೂ ಏನು ಸಂಬಂಧ ಅಂತ ನನಗೆ ತಿಳಿಯಲಿಲ್ಲ. ಆಮೇಲೆ ವಿಜ್ಞಾನದ ಸರ್ ಹತ್ತಿರ ಮೂರು ದಿನ ಕೇಳಿ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ನಮ್ಮ ಗಂಟಲಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದ ಒಂದು ಗ್ರಂಥಿ ಇದೆ. ಅದರ ಹೆಸರು ಥೈರಾಯ್ಡ್. ಅದು ಅಯೋಡಿನ್‌ನಿಂದ ಥೈರಾಕ್ಸಿನ್ ಎಂಬ ಹಾರ್ಮೋನು ತಯಾರಿಸುತ್ತದೆ. ಮೈ ಬೆಳೆಯಲು, ಮಿದುಳು ಬೆಳೆಯಲು, ಮೈ ಬೆಚ್ಚಗಿರಲು ಈ ಹಾರ್ಮೋನು ಬೇಕು. ಅಯೋಡಿನ್ ಸಾಲದಿದ್ದರೆ ಗ್ರಂಥಿ ಇನ್ನೂ ಹೆಚ್ಚು ಕೆಲಸ ಮಾಡಲು ಹೋಗಿ ತಾನೇ ಊದಿಕೊಳ್ಳುತ್ತದೆ. ಇದೇ ಗಳಗಂಡ. ಎಲ್ಲರೂ ಗಳಗಂಡ ಒಂದನ್ನೇ ರೋಗ ಅಂದುಕೊಂಡಿದ್ದಾರೆ, ಯಾಕೆಂದರೆ ಅದು ಕಣ್ಣಿಗೆ ಕಾಣುತ್ತದೆ. ಕಾಣದೇ ಇರುವುದು ಇನ್ನೂ ಕೆಟ್ಟದ್ದು. ಹೊಟ್ಟೆಯೊಳಗಿನ ಮಗುವಿನ ಸ್ವಂತ ಗ್ರಂಥಿ ಸರಿಯಾಗಿ ಕೆಲಸ ಮಾಡಲು ನಾಲ್ಕೈದು ತಿಂಗಳು ಬೇಕು. ಅಲ್ಲಿಯವರೆಗೆ ಮಗುವಿನ ಮಿದುಳಿಗೆ ತಾಯಿಯ ಹಾರ್ಮೋನೇ ಗತಿ. ತಾಯಿಗೆ ಅಯೋಡಿನ್ ತೀರಾ ಕಡಿಮೆಯಾದರೆ ಗರ್ಭಪಾತ ಆಗಬಹುದು, ಮಗು ಕಿವುಡಾಗಬಹುದು, ಕುಳ್ಳಗಾಗಬಹುದು, ಬುದ್ಧಿ ಬೆಳೆಯದೇ ಹೋಗಬಹುದು. ಸ್ವಲ್ಪ ಕಡಿಮೆಯಾದರೂ ಮುಂದೆ ಕಲಿಕೆಯಲ್ಲಿ ಹಿಂದೆ ಬೀಳಬಹುದಂತೆ. ಹುಟ್ಟಿದ ಮೇಲೆ ಎಷ್ಟು ಉಪ್ಪು ತಿನ್ನಿಸಿದರೂ ಆ ಹಾನಿ ಪೂರ್ತಿ ಸರಿಹೋಗುವುದಿಲ್ಲ. ಅತ್ತಿಗೆಗೆ ಮೂರೇ ತಿಂಗಳು ಅಂದಾಗ ಅಕ್ಕ "ಇನ್ನೂ ಟೈಮ್ ಐತಿ" ಅಂದದ್ದು ಇದಕ್ಕೇ.

ಮನೆಗೆ ಹೋಗಿ ಹೇಳಿದೆ. ಅಜ್ಜಿ ಒಪ್ಪಲಿಲ್ಲ. ನಮ್ಮ ಕಡೆಯವರು ಕಾಫಿ ಕೊಯ್ಲಿಗೆ ಚಿಕ್ಕಮಗಳೂರಿಗೆ ಹೋಗುತ್ತಾರಲ್ಲ, ಅಜ್ಜಿಯೂ ವಯಸ್ಸಿನಲ್ಲಿ ಹೋಗುತ್ತಿದ್ದಳು. ಅಲ್ಲಿ ಗಂಟಲು ಊದಿದ ಹೆಂಗಸರನ್ನು ನೋಡಿದ್ದಾಳೆ. "ಅದು ಮಲ್ನಾಡಿನೋರ ಬ್ಯಾನಿ. ನಾವು ಹುಟ್ಟಿದಾಗಿಂದ ಇದೇ ಉಪ್ಪು ತಿಂದೀವಿ, ನಮಗೇನಾಗೇತಿ?" ಅಂದಳು. ಅಜ್ಜಿ ಹೇಳಿದ್ದರಲ್ಲಿ ಅರ್ಧ ಸರಿ. ಅಲ್ಲಿ ಜೋರು ಮಳೆಗೆ ಮಣ್ಣಿನ ಅಯೋಡಿನ್ ಕೊಚ್ಚಿಹೋಗುತ್ತದೆ. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲವೂ ಸಮುದ್ರದಿಂದ ದೂರ. ಅಯೋಡಿನ್ ಹೆಚ್ಚಾಗಿರುವ ಸಮುದ್ರದ ಮೀನು ನಮ್ಮ ತಟ್ಟೆಗೆ ಬರುವುದಿಲ್ಲ. ಇನ್ನೊಂದು ವಿಚಾರ: ಸುಡಾನ್ ದೇಶದಲ್ಲಿ ಸಜ್ಜೆಯನ್ನೇ ಹೆಚ್ಚು ತಿನ್ನುವ ಕಡೆ ಗಳಗಂಡ ಹೆಚ್ಚೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಅಂತ ನಾವು ಸಜ್ಜೆರೊಟ್ಟಿ ಬಿಡಬೇಕಾಗಿಲ್ಲ. ಉಪ್ಪು ಸರಿ ಇರಬೇಕು, ಅಷ್ಟೇ.

ಉಪ್ಪಿನಿಂದಲೇ ಸರಿಹೋಗುತ್ತದೆ ಅಂತ ನಮ್ಮ ದೇಶದಲ್ಲೇ ತೋರಿಸಿದ್ದಾರೆ. ಈಗ ಹಿಮಾಚಲ ಪ್ರದೇಶದಲ್ಲಿರುವ ಕಾಂಗ್ರಾ ಕಣಿವೆಯಲ್ಲಿ 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಊರುಗಳನ್ನು ಮೂರು ಭಾಗ ಮಾಡಿದರು. ಎರಡು ಭಾಗಕ್ಕೆ ಅಯೋಡಿನ್ ಬೆರೆಸಿದ ಉಪ್ಪು, ಒಂದು ಭಾಗಕ್ಕೆ ಬರೀ ಉಪ್ಪು. ಕೆಲವು ವರ್ಷಗಳಲ್ಲಿ ಆ ಎರಡು ಭಾಗಗಳಲ್ಲಿ ಗಳಗಂಡ ಬಹಳ ಕಡಿಮೆಯಾಯಿತು, ಮೂರನೆಯದರಲ್ಲಿ ಹಾಗೇ ಉಳಿಯಿತು. ಆಮೇಲೆ ಅವರಿಗೂ ಅಯೋಡಿನ್ ಉಪ್ಪು ಕೊಟ್ಟರು, ಅಲ್ಲಿಯೂ ಇಳಿಯಿತು. (ಅಷ್ಟು ವರ್ಷ ಬರೀ ಉಪ್ಪು ತಿಂದ ಊರಿನ ಮಕ್ಕಳ ಬಗ್ಗೆ ನಾನು ಸರ್ ಅವರನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.) 1962ರಲ್ಲಿ ಸರ್ಕಾರ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿತು. 2006ರಿಂದ ಮನುಷ್ಯರ ಊಟಕ್ಕೆ ಅಯೋಡಿನ್ ಇಲ್ಲದ ಉಪ್ಪು ಮಾರುವ ಹಾಗಿಲ್ಲ. ಆದರೂ ನಮ್ಮ ಅಜ್ಜಿ ಸಂತೆಯಿಂದ ಹರಳುಪ್ಪು ತರುತ್ತಿದ್ದಳು. ಅದು ದನಕ್ಕೆ ಅಂತ ಬಂದ ಉಪ್ಪು, ಮಾರುವವರು ಯಾರಿಗೆ ಅಂತ ಕೇಳುವುದಿಲ್ಲ. ಮನೆಯಲ್ಲಿ ಅದನ್ನು ಒಲೆಯ ಪಕ್ಕದ ಗಡಿಗೆಯಲ್ಲಿ ಮುಚ್ಚಳವಿಲ್ಲದೆ ಇಡುತ್ತಿದ್ದೆವು. ಒಳ್ಳೆಯ ಉಪ್ಪನ್ನು ಹಾಗೆ ಇಟ್ಟರೂ ಬಿಸಿಗೆ, ತೇವಕ್ಕೆ ಅಯೋಡಿನ್ ಕಡಿಮೆಯಾಗುತ್ತದೆ. ಮುಚ್ಚಳದ ಡಬ್ಬಿಯಲ್ಲಿ ಇಟ್ಟು, ಸಾರಿಗೆ ಕೊನೆಯಲ್ಲಿ ಹಾಕುವುದು ಒಳ್ಳೆಯದು.

ಎಷ್ಟು ಬೇಕು ಗೊತ್ತೇ? ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ, ಬಸುರಿಯರಿಗೆ 250. ನಾನು ಲೆಕ್ಕ ಮಾಡಿದೆ: 150ನ್ನು 365ರಿಂದ, ಅದನ್ನು 70 ವರ್ಷದಿಂದ ಗುಣಿಸಿದರೆ 38,32,500 ಮೈಕ್ರೋಗ್ರಾಂ. ಅಂದರೆ ನಾಲ್ಕು ಗ್ರಾಂ ಕೂಡ ಆಗುವುದಿಲ್ಲ! ಇಡೀ ಆಯುಷ್ಯಕ್ಕೆ ಒಂದು ಚಮಚವೂ ಬೇಡ. ಆದರೆ ಒಮ್ಮೆಲೇ ತಿಂದು ಇಟ್ಟುಕೊಳ್ಳಲು ಬರುವುದಿಲ್ಲ, ಹೆಚ್ಚಾದದ್ದು ಮೂತ್ರದಲ್ಲಿ ಹೋಗಿಬಿಡುತ್ತದೆ. ಹಾಗಂತ ಉಪ್ಪು ಜಾಸ್ತಿ ತಿನ್ನಬಾರದು, ಬಿಪಿ ಬರುತ್ತದೆ.

ಉಪ್ಪು ಬದಲಿಸಿದರೆ ಮುಗಿಯಿತು ಅಂದುಕೊಂಡಿದ್ದೆ. ಮುಗಿಯಲಿಲ್ಲ. ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಬಳಸಲು ಕಬ್ಬಿಣದ ಅಂಶವೂ ಬೇಕು. ರಕ್ತ ಕಡಿಮೆ ಇರುವವರಿಗೆ ಅಯೋಡಿನ್ ಸಿಕ್ಕರೂ ಪೂರ್ತಿ ಉಪಯೋಗವಾಗುವುದಿಲ್ಲ. 2019–21ರ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನೂರಕ್ಕೆ 57 ಹೆಂಗಸರಿಗೆ ರಕ್ತಹೀನತೆ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 2021ರ ಡಿಸೆಂಬರ್‌ನಲ್ಲಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದ್ದು ಇಂಥ ಅಪೌಷ್ಟಿಕತೆ ನೋಡಿಯೇ. ಮೊಟ್ಟೆಯಲ್ಲಿ, ಹಾಲಿನಲ್ಲಿ ಸ್ವಲ್ಪ ಅಯೋಡಿನ್ ಕೂಡ ಇದೆ.

ಅತ್ತಿಗೆಯ ಕಬ್ಬಿಣದ ಮಾತ್ರೆಗಳು ಜೋಳದ ಡಬ್ಬಿಯ ಹಿಂದೆ ಸಿಕ್ಕವು. ನುಂಗಿದರೆ ಮಲ ಕಪ್ಪಗಾಗುತ್ತದೆ ಅಂತ ಹೆದರಿ ಬಚ್ಚಿಟ್ಟಿದ್ದರು. ಹಾಗಾಗುವುದು ಸಹಜ, ಹೆದರಬೇಕಾಗಿಲ್ಲ ಅಂತ ಆಶಾ ಅಕ್ಕ ಹೇಳಿದ ಮೇಲೆ ನುಂಗುತ್ತಿದ್ದಾರೆ. ಊಟದ ಜೊತೆಗೇ ಚಹಾ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲವಂತೆ, ಅದನ್ನು ಬಿಡುವುದು ಮಾತ್ರ ಅತ್ತಿಗೆಗೆ ಕಷ್ಟವಾಗಿದೆ. ಅವ್ವ ನಗುವ ಸೂರ್ಯನ ಗುರುತಿನ ಪಾಕೀಟು ಉಪ್ಪು ತಂದಿದ್ದಾಳೆ. ಅಜ್ಜಿ ಈಗಲೂ "ರುಚಿನೇ ಇಲ್ಲ" ಅನ್ನುತ್ತಾಳೆ, ಆದರೆ ಅತ್ತಿಗೆಯ ಸಾರಿಗೆ ಅದನ್ನೇ ಹಾಕುತ್ತಾಳೆ.

ಆಶಾ ಅಕ್ಕನ ಬಾಟಲಿಯಲ್ಲಿ ಇನ್ನೂ ದ್ರಾವಣ ಉಳಿದಿದೆ. ಸೋಮವಾರ ಮತ್ತೆ ಬರುತ್ತಾರೆ. ಹೋದ ಸಲ ತರದಿದ್ದವರು ಒಂದು ಚಮಚ ಉಪ್ಪು ತನ್ನಿ. ಪೊಟ್ಟಣದ ಮೇಲೆ ಹೆಸರು ಬರೆಯಬೇಡಿ, ಹಾಜರಿ ನಂಬರ್ ಮಾತ್ರ ಬರೆಯಿರಿ. ಈ ಸಲ ಅಕ್ಕ ಒಬ್ಬರೇ ನೋಡಿ ಹೇಳುತ್ತಾರೆ, ಸರ್ ಒಪ್ಪಿದ್ದಾರೆ.