ಹತ್ತಿ ಹೊಲದ ಕೂಲಿ ಬಟವಾಡೆ: ಲೆಕ್ಕದ ತಃಖ್ತೆಯಲ್ಲಿ ಸೂತ್ರಗಳ ಬಳಕೆ

ಯಾದಗಿರಿ, ಶಹಾಪುರ ಮತ್ತು ಸುರಪುರ ತಾಲ್ಲೂಕುಗಳಲ್ಲಿ ಹತ್ತಿ ಮತ್ತು ತೊಗರಿ, ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿಯುವ ಕಡೆ ಭತ್ತ, ಮುಖ್ಯ ಬೆಳೆಗಳಾಗಿವೆ. ಬೀಜ, ಗೊಬ್ಬರ ಮತ್ತು ಔಷಧಿಗೆ ಎಷ್ಟು ಖರ್ಚಾಯಿತೆಂದು ನಮ್ಮ ರೈತರು ಅಂಗಡಿಯ ರಸೀದಿ ನೋಡಿ ಹೇಳಬಲ್ಲರು. ಆದರೆ ಆಳಿನ ಕೂಲಿ ಎಷ್ಟಾಯಿತೆಂದು ಕೇಳಿದರೆ ಬಹುತೇಕ ಅಂದಾಜಿನ ಉತ್ತರವೇ ಬರುತ್ತದೆ. ಹತ್ತಿಯಲ್ಲಂತೂ ಈ ಲೆಕ್ಕ ಹೆಚ್ಚು ತೊಡಕಿನದು. ಕಳೆ ತೆಗೆಯುವುದಕ್ಕೆ ದಿನಗೂಲಿ, ಹತ್ತಿ ಬಿಡಿಸುವುದಕ್ಕೆ ಕಿಲೊ ಲೆಕ್ಕ. ನಡುವೆ ಮಳೆ ಬಂದರೆ ಅರ್ಧ ದಿನ. ಇದರ ಮೇಲೆ ಹಬ್ಬಕ್ಕೋ ಆಸ್ಪತ್ರೆಗೋ ಪಡೆದ ಮುಂಗಡ. ಇವನ್ನೆಲ್ಲ ಸಂತೆಯ ದಿನ ಬೆಳಿಗ್ಗೆ ಹೊಲದ ಬದುವಿನ ಮೇಲೆ ಕುಳಿತು ಕೂಡಿ ಕಳೆಯುವಾಗ ತಪ್ಪಾಗುವುದು ಸಹಜ. ತಪ್ಪಾದಾಗ ನಷ್ಟ ಹೆಚ್ಚಾಗಿ ಕೂಲಿಯವರಿಗೇ ಆಗುತ್ತದೆ.

ಈಗ ಬಹಳಷ್ಟು ರೈತ ಮನೆಗಳಲ್ಲಿ ಮಗನದೋ ಮಗಳದೋ ಒಂದು ಸ್ಮಾರ್ಟ್ ಫೋನ್ ಇದೆ. ಅದರಲ್ಲಿ ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ಎಂಬ ಲೆಕ್ಕದ ತಃಖ್ತೆಯನ್ನು ಹಾಕಿಕೊಳ್ಳಬಹುದು. ಈ ಬಗೆಯ ತಃಖ್ತೆ ಹೊಸತೇನಲ್ಲ. 1979ರಲ್ಲಿ ಅಮೆರಿಕದ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬುವರು ವಿಸಿಕ್ಯಾಲ್ಕ್ ಎಂಬ ಹೆಸರಿನಲ್ಲಿ ಇದನ್ನು ಸಣ್ಣ ಗಣಕಯಂತ್ರಕ್ಕೆ ತಂದರು. ಒಂದು ಅಂಕಿ ಬದಲಾಯಿಸಿದರೆ ಅದನ್ನು ಅವಲಂಬಿಸಿದ ಎಲ್ಲ ಅಂಕಿಗಳೂ ತಾವಾಗಿಯೇ ಬದಲಾಗುವುದೇ ಇದರ ವಿಶೇಷ.

ತಃಖ್ತೆಯ ರಚನೆ

ಚೌಕಾಬಾರದ ಪಟದಂತೆ ಇದರಲ್ಲಿಯೂ ಮನೆಗಳಿರುತ್ತವೆ. ಅಡ್ಡಸಾಲುಗಳಿಗೆ 1, 2, 3 ಎಂದು ಅಂಕಿಗಳು, ಉದ್ದನೆಯ ಅಂಕಣಗಳಿಗೆ ಎ, ಬಿ, ಸಿ ಎಂದು ಇಂಗ್ಲಿಷ್ ಅಕ್ಷರಗಳು. ಬಿ ಅಂಕಣದ ಆರನೆಯ ಸಾಲಿನ ಮನೆಗೆ ಬಿ6 ಎಂದು ಹೆಸರು. ಇಲ್ಲಿ ಸೂತ್ರಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳನ್ನೇ ಒತ್ತಬೇಕು. ಸೂತ್ರ ಯಾವುದೇ ಇರಲಿ, ಸಮ ಚಿಹ್ನೆಯಿಂದ (=) ಆರಂಭವಾಗಬೇಕು. ಗುಣಾಕಾರಕ್ಕೆ ನಕ್ಷತ್ರ ಚಿಹ್ನೆ (*), ಭಾಗಾಕಾರಕ್ಕೆ ಓರೆಗೆರೆ (/).

ಮೊದಲು ಮೇಲಿನ ಮೂರು ಸಾಲುಗಳಲ್ಲಿ ದರಗಳನ್ನು ಬರೆಯಬೇಕು. ಬಿ1ರಲ್ಲಿ ದಿನಗೂಲಿ, ಬಿ2ರಲ್ಲಿ ಹತ್ತಿ ಬಿಡಿಸಲು ಕಿಲೊಗೆ ದರ, ಬಿ3ರಲ್ಲಿ ಮುಂಗಡಕ್ಕಾಗಿ ವಾರದ ಕೂಲಿಯಲ್ಲಿ ಶೇಕಡ ಎಷ್ಟು ಹಿಡಿಯಬೇಕೆಂಬುದು. ಕಲಿಕೆಗಾಗಿ ಇವನ್ನು 400 ರೂಪಾಯಿ, 12 ರೂಪಾಯಿ ಮತ್ತು 20% ಎಂದು ಇಟ್ಟುಕೊಳ್ಳೋಣ. ನಿಜವಾದ ದರವನ್ನು ಊರಿನ ರೂಢಿ ನೋಡಿ ಹಾಕಿಕೊಳ್ಳಬೇಕು, ಆದರೆ ಸರ್ಕಾರ ನಿಗದಿಪಡಿಸಿದ ಕನಿಷ್ಠ ಕೂಲಿಗಿಂತ ಅದು ಕಡಿಮೆಯಿರಬಾರದು. ಹೆಣ್ಣಾಳು, ಗಂಡಾಳು ಎಂದು ದಿನಗೂಲಿಗೆ ಎರಡು ಮನೆ ಇಡುವವರನ್ನು ನೋಡಿದ್ದೇನೆ. ಕೆಲಸ ಒಂದೇ ಆದಲ್ಲಿ ದರದ ಮನೆಯೂ ಒಂದೇ ಇರಬೇಕು. ಈ ಬಗ್ಗೆ ದೇಶದಲ್ಲಿ 1976ರಷ್ಟು ಹಿಂದೆಯೇ ಕಾಯ್ದೆಯಾಗಿದೆ.

ಐದನೆಯ ಸಾಲಿನಲ್ಲಿ ತಲೆಬರಹಗಳು: ಎ ಹೆಸರು, ಬಿ ದಿನಗಳು, ಸಿ ಬಿಡಿಸಿದ ಹತ್ತಿಯ ಕಿಲೊ, ಡಿ ಒಟ್ಟು ಕೂಲಿ, ಇ ಮುಂಗಡದ ಬಾಕಿ, ಎಫ್ ಈ ವಾರದ ಕಡಿತ, ಜಿ ಕೈಗೆ ಕೊಡುವ ಹಣ, ಎಚ್ ಉಳಿದ ಮುಂಗಡ. ಆರನೆಯ ಸಾಲಿನಿಂದ ಆಳುಗಳ ಹೆಸರುಗಳು ಬರುತ್ತವೆ.

ಡಿ6ರಲ್ಲಿ ಬರೆಯಬೇಕಾದ ಸೂತ್ರ: =ಬಿ6*$ಬಿ$1+ಸಿ6*$ಬಿ$2

ಒಬ್ಬಾಕೆ ಎರಡೂವರೆ ದಿನ ಕಳೆ ತೆಗೆದು, 126 ಕಿಲೊ ಹತ್ತಿ ಬಿಡಿಸಿದ್ದರೆ 1000 ಮತ್ತು 1512 ಸೇರಿ 2512 ರೂಪಾಯಿ ಎಂದು ತೋರಿಸುತ್ತದೆ. ಈ ಮನೆಯ ಮೂಲೆಯನ್ನು ಹಿಡಿದು ಕೆಳಗೆ ಎಳೆದರೆ ಉಳಿದವರ ಸಾಲಿಗೂ ಸೂತ್ರ ಇಳಿಯುತ್ತದೆ. ಹಾಗೆ ಇಳಿಯುವಾಗ ಬಿ6 ಎಂಬುದು ಬಿ7, ಬಿ8 ಎಂದು ಸರಿಯುತ್ತ ಹೋಗುವುದು ಬೇಕಾದದ್ದೇ. ಆದರೆ ದರದ ಮನೆ ಸರಿಯಬಾರದು. ಡಾಲರ್ ಚಿಹ್ನೆಯು ಅದನ್ನು ಗೂಟಕ್ಕೆ ಕಟ್ಟಿದಂತೆ ನಿಲ್ಲಿಸುತ್ತದೆ. ಚಿಹ್ನೆ ಬಿಟ್ಟರೆ ಎರಡನೆಯ ಆಳಿಗೆ ದಿನಕ್ಕೆ 12 ರೂಪಾಯಿ, ಕಿಲೊಗೆ 20 ಪೈಸೆಯಂತೆ ಲೆಕ್ಕವಾಗಿಬಿಡುತ್ತದೆ. ಇಂತಹ ದೊಡ್ಡ ತಪ್ಪು ಕೂಡಲೇ ಕಣ್ಣಿಗೆ ಬೀಳುವುದರಿಂದ ಅದರ ಭಯವಿಲ್ಲ.

ಭಯ ಇರುವುದು ಸಣ್ಣ ತಪ್ಪಿನಲ್ಲಿ. ಕೆಲವು ವರ್ಷಗಳ ಹಿಂದೆ ಒಂದು ತಾಕಿನ ಕೂಲಿ ಲೆಕ್ಕವನ್ನು ನಾನೇ ಹೀಗೆ ಇಟ್ಟಿದ್ದೆ. ಮಳೆಯಿಂದ ಕಳೆ ತೆಗೆಯುವ ಕೆಲಸ ಮಧ್ಯಾಹ್ನಕ್ಕೆ ನಿಂತ ವಾರ ಅದು. ಹದಿನಾಲ್ಕು ಹೆಣ್ಣಾಳುಗಳ ಹೆಸರಿನ ಮುಂದೆ ಎರಡೂವರೆ ದಿನವೆಂದು 2.30 ಬರೆದೆ. ಗಡಿಯಾರಕ್ಕೆ ಅದು ಎರಡೂವರೆ, ತಃಖ್ತೆಗೆ ಮಾತ್ರ ಎರಡು ಪೂರ್ಣಾಂಕ ಹತ್ತರಲ್ಲಿ ಮೂರು ಭಾಗ. ದಿನಕ್ಕೆ 400 ರೂಪಾಯಿಯಂತೆ 1000 ಬರಬೇಕಾದಲ್ಲಿ 920 ಬಂತು. ಎಲ್ಲರಿಗೂ ಒಂದೇ ರೀತಿ ಬಂದುದರಿಂದ ನನಗೆ ಸಂಶಯ ಬರಲಿಲ್ಲ. ಬಟವಾಡೆ ಮುಗಿದ ಮೇಲೆ ಒಬ್ಬ ವೃದ್ಧೆ ಬೆರಳ ಗೆಣ್ಣು ಎಣಿಸಿ, ‘ಅರ್ಧ ದಿನಕ್ಕ ಇನ್ನೂರು ಆಗ್ತದಲ್ರೀ, ನೂರಾ ಇಪ್ಪತ್ತ ಕೊಟ್ಟೀರಲ್ಲ’ ಎಂದಳು. ಫೋನಿನಲ್ಲಿ ಬಂದ ಲೆಕ್ಕ ತಪ್ಪಾಗಲಾರದೆಂದು ನಾನು ಮೊದಲು ವಾದಿಸಿದೆ. ಆಮೇಲೆ ನೋಡಿದರೆ ಹದಿನಾಲ್ಕು ಜನರಿಂದ 1120 ರೂಪಾಯಿ ಉಳಿಸಿಕೊಂಡಿದ್ದೆ. ಓದು ಬಾರದ ಆಕೆ ಕೇಳದಿದ್ದರೆ ಆ ಹಣ ನನ್ನಲ್ಲೇ ಉಳಿಯುತ್ತಿತ್ತು. ಅಂದಿನಿಂದ ಅರ್ಧ ದಿನಕ್ಕೆ .5 ಎಂದೇ ಬರೆಯುತ್ತೇನೆ, ಹಣ ಎಣಿಸುವ ಮೊದಲು ಪ್ರತಿಯೊಬ್ಬರ ದಿನ, ಕಿಲೊ ಮತ್ತು ಮುಂಗಡವನ್ನು ಗಟ್ಟಿಯಾಗಿ ಓದಿ ಹೇಳುತ್ತೇನೆ.

ಮುಂಗಡದ ಕಡಿತ

ಕೂಲಿಯವರ ಬದುಕಿನಲ್ಲಿ ಅತಿ ಹೆಚ್ಚು ಗೊಂದಲ ಇರುವುದು ಇಲ್ಲಿಯೇ. ಕೊಟ್ಟ ಹಣ ಒಂದು ಪುಸ್ತಕದಲ್ಲಿ, ಹಿಡಿದದ್ದು ಇನ್ನೊಂದರಲ್ಲಿ, ಕೆಲವೊಮ್ಮೆ ಬರೀ ನೆನಪಿನಲ್ಲಿ. ಹೀಗಾಗಿ ಸಾಲ ಯಾವಾಗ ತೀರಿತೆಂದು ಯಾರಿಗೂ ತಿಳಿಯುವುದಿಲ್ಲ. ಜೀತ ಪದ್ಧತಿ ರದ್ದತಿ ಕಾಯ್ದೆ 1976ರಲ್ಲಿ ಬಂದಿತಾದರೂ, ತೀರದ ಮುಂಗಡ ಆಳನ್ನು ಒಬ್ಬರ ಹೊಲಕ್ಕೇ ಕಟ್ಟಿಹಾಕಬಲ್ಲದು ಎಂಬುದನ್ನು ಮರೆಯಬಾರದು.

ಎಫ್6ರಲ್ಲಿ ಹೀಗೆ ಬರೆಯಬೇಕು: =ಮಿನ್(ಇ6,ರೌಂಡ್(ಡಿ6*$ಬಿ$3,0))

ರೌಂಡ್ ಎಂಬುದು ಪೈಸೆ ಬಿಟ್ಟು ರೂಪಾಯಿಗೆ ಸರಿಪಡಿಸುತ್ತದೆ. ಮಿನ್ ಎಂಬುದು ಎರಡರಲ್ಲಿ ಚಿಕ್ಕ ಅಂಕಿಯನ್ನು ಆರಿಸುತ್ತದೆ. ಬಾಕಿ 2000 ಇದ್ದರೆ 2512ರ ಶೇಕಡ 20, ಅಂದರೆ 502 ರೂಪಾಯಿ ಕಡಿತ. ಬಾಕಿ 300 ಮಾತ್ರ ಉಳಿದಿದ್ದರೆ 300 ಅಷ್ಟೇ. ಬಾಕಿ ಸೊನ್ನೆಯಾದ ವಾರದಿಂದ ಕಡಿತ ತಾನಾಗಿ ನಿಲ್ಲುತ್ತದೆ, ಯಾರೂ ನೆನಪಿಡಬೇಕಾಗಿಲ್ಲ, ಕೇಳಬೇಕಾಗಿಯೂ ಇಲ್ಲ. ನನ್ನ ದೃಷ್ಟಿಯಲ್ಲಿ ಇಡೀ ತಃಖ್ತೆಯಲ್ಲಿ ಹೆಚ್ಚು ಬೆಲೆಯುಳ್ಳ ಸೂತ್ರ ಇದೊಂದೇ.

ಜಿ6ರಲ್ಲಿ =ಡಿ6-ಎಫ್6 ಎಂದೂ ಎಚ್6ರಲ್ಲಿ =ಇ6-ಎಫ್6 ಎಂದೂ ಬರೆದರೆ ಕೈಗೆ 2010, ಉಳಿದ ಮುಂಗಡ 1498 ಎಂದು ಬರುತ್ತದೆ.

ಮುಂದಿನ ವಾರಕ್ಕೆ ಹಾಳೆಯನ್ನು ನಕಲು ಮಾಡಿಕೊಂಡು, ಎಚ್ ಅಂಕಣದ ಅಂಕಿಗಳನ್ನು ಇ ಅಂಕಣದಲ್ಲಿ ಅಂಕಿಗಳಾಗಿಯೇ ಬರೆದುಕೊಳ್ಳಬೇಕು. ನಡುವೆ ಹೊಸ ಮುಂಗಡ ಕೊಟ್ಟಿದ್ದರೆ ಅಲ್ಲಿಯೇ ಕೂಡಿಸಬೇಕು. ಒಂದೇ ಹಾಳೆಯಲ್ಲಿ ವಾರಗಳನ್ನು ಸೇರಿಸುತ್ತ ಹೋದರೆ, ಕಿಲೊ ದರ ಏರಿಸಿದ ದಿನ ಹಳೆಯ ವಾರಗಳ ಕೂಲಿಯೂ ಬದಲಾಗಿ ಲೆಕ್ಕವೆಲ್ಲ ಕೆಡುತ್ತದೆ.

ತಾಳೆ ನೋಡುವುದು

ಇಪ್ಪತ್ತು ಆಳುಗಳಿದ್ದರೆ ಕಿಲೊಗಳ ಮೊತ್ತಕ್ಕೆ =ಸಮ್(ಸಿ6:ಸಿ25) ಎಂದು ಬರೆಯಬೇಕು. ಕೊನೆಯಲ್ಲಿ ಹೊಸ ಆಳು ಸೇರಿದಾಗ ಅವರ ಸಾಲು ಈ ಸೂತ್ರದೊಳಗೆ ಬಂದಿದೆಯೇ ಎಂದು ನೋಡುವುದು ಅಗತ್ಯ. ಮನೆಯಲ್ಲಿ ‘126 ಕಿಲೊ’ ಎಂದು ಬರೆಯದೆ 126 ಎಂದಷ್ಟೇ ಬರೆಯಬೇಕು. ಅಕ್ಷರ ಸೇರಿದರೆ ಅದು ಅಂಕಿಯಾಗಿ ಉಳಿಯುವುದಿಲ್ಲ, ಮೊತ್ತದ ಸೂತ್ರ ಅದನ್ನು ಸದ್ದಿಲ್ಲದೆ ಬಿಟ್ಟು ಕೂಡುತ್ತದೆ.

ಈ ಮೊತ್ತವನ್ನು ಹತ್ತಿ ಮಾರಿದ ಪಟ್ಟಿಯ ತೂಕದೊಂದಿಗೆ ಹೋಲಿಸಬೇಕು. ವ್ಯತ್ಯಾಸ ಹೆಚ್ಚಿದ್ದರೆ ಹೊಲದಲ್ಲಿ ತೂಗುವಾಗ ಚೀಲದ ತೂಕ ಕಳೆಯಲಾಗಿದೆಯೇ, ಹತ್ತಿ ಹಸಿಯಿತ್ತೇ ಎಂದು ಪರೀಕ್ಷಿಸಬೇಕು. ಇಬ್ಬನಿ ಆರುವ ಮೊದಲೇ ಬಿಡಿಸಿದ ಹತ್ತಿಗೆ ಹೊಲದಲ್ಲಿ ತೂಕ ಹೆಚ್ಚು, ಮಾರುಕಟ್ಟೆಯಲ್ಲಿ ಬೆಲೆ ಕಡಿಮೆ. ಇದನ್ನು ಯಾವ ಸೂತ್ರವೂ ಸರಿಪಡಿಸಲಾರದು, ಬಿಸಿಲೇರಿದ ಮೇಲೆ ಬಿಡಿಸಲು ಆರಂಭಿಸುವುದೇ ದಾರಿ.

ಚಿಲ್ಲರೆಯ ತೊಂದರೆಯಿರುವಲ್ಲಿ ಐ6ರಲ್ಲಿ =ಇಂಟ್(ಜಿ6/500) ಎಂದು ಬರೆದರೆ ಎಷ್ಟು ಐನೂರರ ನೋಟು ಬೇಕೆಂದು, ಜೆ6ರಲ್ಲಿ =ಮಾಡ್(ಜಿ6,500) ಎಂದು ಬರೆದರೆ ಉಳಿದ ಚಿಲ್ಲರೆ ಎಷ್ಟೆಂದು ತಿಳಿಯುತ್ತದೆ. ಮೇಲಿನ ಉದಾಹರಣೆಯಲ್ಲಿ ನಾಲ್ಕು ನೋಟು, ಹತ್ತು ರೂಪಾಯಿ. ಸಂತೆಯ ಹಿಂದಿನ ದಿನವೇ ಈ ಎರಡು ಅಂಕಣಗಳ ಮೊತ್ತ ನೋಡಿಕೊಂಡು ಬ್ಯಾಂಕಿಗೆ ಹೋದರೆ, ಚಿಲ್ಲರೆ ಇಲ್ಲವೆಂದು ಯಾರ ಕೂಲಿಯನ್ನೂ ಮುಂದಿನ ವಾರಕ್ಕೆ ತಳ್ಳಬೇಕಾಗುವುದಿಲ್ಲ.