ಬೆಳಗಿನ ಜಾವ ಮೀನು ಸಾಯುವುದೇಕೆ?

ಮಕ್ಕಳೇ, ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಮಳೆ ಕಡಿಮೆ. ಬೇಸಿಗೆಯ ಕೊನೆಗೆ ಕೆರೆಯ ನೀರು ಗುಂಡಿಯಷ್ಟಕ್ಕೆ ಇಳಿದಾಗ, ಒಂದು ಬೆಳಿಗ್ಗೆ ಮೀನುಗಳು ಸತ್ತು ತೇಲುವುದುಂಟು. "ಯಾರೋ ವಿಷ ಹಾಕಿದ್ದಾರೆ" ಎಂದು ಊರಲ್ಲಿ ಮಾತು ಹುಟ್ಟುತ್ತದೆ. ಹಾಕಿರಲೂಬಹುದು. ಆದರೆ ಯಾರನ್ನಾದರೂ ದೂರುವ ಮೊದಲು ಕೆರೆಯ ಲೆಕ್ಕವನ್ನೊಮ್ಮೆ ನೋಡೋಣ.

ಮೀನು ಉಸಿರಾಡುವುದು ನೀರಿನಲ್ಲಿ ಕರಗಿದ ಆಮ್ಲಜನಕವನ್ನು. ಹಗಲಿನಲ್ಲಿ ಪಾಚಿ, ಜಲಸಸ್ಯಗಳು ದ್ಯುತಿಸಂಶ್ಲೇಷಣೆ ನಡೆಸಿ ಆಮ್ಲಜನಕ ಬಿಡುತ್ತವೆ. ಇದು ಜಮಾ. ಮೀನು, ಪಾಚಿ, ಕೊಳೆಯಿಸುವ ಬ್ಯಾಕ್ಟೀರಿಯಾ ಎಲ್ಲವೂ ಹಗಲೂ ರಾತ್ರಿ ಉಸಿರಾಡುತ್ತವೆ. ಇದು ಖರ್ಚು. ರಾತ್ರಿ ಬಿಸಿಲಿಲ್ಲ, ಖರ್ಚು ಮಾತ್ರ ನಿಲ್ಲುವುದಿಲ್ಲ.

ಈಗ ಸ್ಲೇಟಿನ ಮೇಲೆ ಒಂದು ಮಾದರಿ ಕೆರೆ ಮಾಡಿ. ಸಂಜೆ 6ಕ್ಕೆ ಪ್ರತಿ ಲೀಟರ್ ನೀರಿನಲ್ಲಿ 7 ಮಿಲಿಗ್ರಾಂ ಆಮ್ಲಜನಕವಿದೆ, ಗಂಟೆಗೆ ಕಾಲು ಮಿಲಿಗ್ರಾಂ ಖರ್ಚಾಗುತ್ತದೆ ಎಂದಿಟ್ಟುಕೊಳ್ಳಿ. ಬೆಳಿಗ್ಗೆ 6ಕ್ಕೆ ಉಳಿಯುವುದು 4. ಮೀನು ಬದುಕಿತು. ನೀರು ಅರ್ಧಕ್ಕಿಳಿದು ಜೀವಿಗಳು ಅಷ್ಟೇ ಇದ್ದರೆ? ಲೀಟರಿಗೆ ಗಂಟೆಯ ಖರ್ಚು ಅರ್ಧ ಮಿಲಿಗ್ರಾಂ ಆಗುತ್ತದೆ. ಬೆಳಿಗ್ಗೆ ಉಳಿಯುವುದು ಬರೀ 1. ಕಾಟ್ಲಾ, ರೋಹು ಮೀನುಗಳಿಗೆ ಅದು ಸಾಲದು.

ಇನ್ನೊಂದು ತೊಂದರೆ ಇದೆ. ಗಾಳಿಯಿಂದ 0 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಲೀಟರಿಗೆ ಸುಮಾರು 14 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು. 30 ಡಿಗ್ರಿಯಲ್ಲಿ ಸುಮಾರು 7.5 ಮಾತ್ರ.

ಹಾಗಾದರೆ ಚಳಿ ನಾಡಿನ ಸರೋವರದ ಮೀನು ಸುಖವಾಗಿರಬೇಕಲ್ಲವೇ? ಕಾಶ್ಮೀರದ ದಾಲ್ ಸರೋವರ ಕಡು ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ನೀರು 4 ಡಿಗ್ರಿಯಲ್ಲಿ ಅತ್ಯಂತ ಸಾಂದ್ರ, ಮಂಜುಗಡ್ಡೆ ಹಗುರ. ಆದ್ದರಿಂದ ಗಡ್ಡೆ ಮೇಲೆ ತೇಲುತ್ತದೆ, ಅಡಿಯಲ್ಲಿ ನೀರು ನೀರಾಗಿಯೇ ಉಳಿದು ಮೀನಿಗೆ ಜಾಗವಾಗುತ್ತದೆ. ಆದರೆ ಆ ಗಡ್ಡೆ ಪಾತ್ರೆಯ ಮುಚ್ಚಳವಿದ್ದಂತೆ. ಗಾಳಿಯ ಆಮ್ಲಜನಕ ಒಳಗೆ ಬಾರದು. ಮೇಲೆ ಹಿಮ ಬಿದ್ದರೆ ಬೆಳಕೂ ಬಾರದು. ಕೆನಡಾದಂಥ ದೇಶಗಳ ಆಳವಿಲ್ಲದ ಸರೋವರಗಳಲ್ಲಿ ದೀರ್ಘ ಚಳಿಗಾಲದ ಕೊನೆಗೆ ಮೀನು ಸಾಯುವುದು ಹೀಗೆ. ನಮ್ಮಲ್ಲಿ ಒಂದು ರಾತ್ರಿಯಲ್ಲಿ ಮುಗಿಯುವ ಲೆಕ್ಕ ಅಲ್ಲಿ ತಿಂಗಳುಗಟ್ಟಲೆ ನಡೆಯುತ್ತದೆ, ಅಷ್ಟೇ. ವಿಜ್ಞಾನಿಗಳು ಇದನ್ನೇ ಕಂಪ್ಯೂಟರಿನಲ್ಲಿ, ಹಿಮದ ದಪ್ಪ, ಆಳ, ಉಷ್ಣತೆಗಳನ್ನೂ ಸೇರಿಸಿ ಮಾಡುತ್ತಾರೆ.

ನಮ್ಮ ಮಾದರಿಯಲ್ಲೊಂದು ಕೊರತೆ ಇದೆ, ಗಮನಿಸಿದಿರಾ? ಬಯಲುಸೀಮೆಯ ಗಾಳಿಯನ್ನೇ ಮರೆತಿದ್ದೇವೆ! ಗಾಳಿ ಗಂಟೆಗೆ 0.1 ಮಿಲಿಗ್ರಾಂ ಸೇರಿಸಿದರೆ ಬೆಳಿಗ್ಗೆ ಎಷ್ಟು ಉಳಿಯುತ್ತದೆ? ಲೆಕ್ಕ ಹಾಕಿ.

ಮಾಡಿ ನೋಡಿ: ಹಿರಿಯರೊಬ್ಬರ ಜೊತೆ ಕೆರೆ ಏರಿಯ ಮೇಲೆ ನಿಂತು (ನೀರಿಗಿಳಿಯಬೇಡಿ) ಬೆಳಿಗ್ಗೆ 6ಕ್ಕೂ ಮಧ್ಯಾಹ್ನ 3ಕ್ಕೂ ನೋಡಿ. ಮೀನುಗಳು ಮೇಲೆ ಬಂದು ಬಾಯಿ ತೆರೆಯುವುದು ಯಾವಾಗ? ಒಂದು ವಾರ ಬರೆದಿಡಿ. ಉಸಿರು ಸಿಗದ ಮೀನು ಸಾಮಾನ್ಯವಾಗಿ ಬೆಳಗಿನ ಜಾವ ಸಾಯುತ್ತದೆ, ವಿಷಕ್ಕೆ ಹೊತ್ತುಗೊತ್ತಿಲ್ಲ. ಯಾವುದೇ ಆದರೂ, ಸತ್ತು ತೇಲಿದ ಮೀನನ್ನು ಮನೆಗೆ ಒಯ್ಯಬೇಡಿ.