ಬಾಡಿಗೆ ಮನೆಯ ವಾರಸುದಾರಿಕೆ

ಸ್ವಂತ ಮನೆ, ಹೊಲ, ಒಡವೆಗಳು ತಂದೆಯಿಂದ ಮಕ್ಕಳಿಗೆ ಬರುವುದು ಎಲ್ಲರೂ ಬಲ್ಲ ಸಂಗತಿ. ಆದರೆ ಬಾಡಿಗೆಗೆ ಹಿಡಿದ ಮನೆಯೂ ಹಾಗೆ ಬರಬಲ್ಲುದೆ? ಬರುವುದಾದರೆ ಯಾರಿಗೆ? ಆ ಮನೆಯನ್ನೇ ಕೆಡವಿ ಹೊಸದನ್ನು ಕಟ್ಟಹೊರಟಾಗ ಈ ಹಕ್ಕಿನ ಗತಿಯೇನು? ಮುಂಬಯಿ ನಗರದ ಉದಾಹರಣೆಯಿಂದ ಈ ಪ್ರಶ್ನೆಗಳನ್ನು ವಿಚಾರಮಾಡುವುದೇ ಪ್ರಸ್ತುತ ಲೇಖನದ ಉದ್ದೇಶ. ಕರಾವಳಿಯಿಂದಲೂ ಉತ್ತರ ಕರ್ನಾಟಕದಿಂದಲೂ ಹೊಟ್ಟೆಪಾಡಿಗಾಗಿ ಅಲ್ಲಿಗೆ ಹೋಗಿ, ಚಾಳುಗಳ ಒಂದೊಂದು ಕೋಣೆಯಲ್ಲಿ ಸಂಸಾರ ಹೂಡಿದ ಕನ್ನಡಿಗರು ಅನೇಕರು. ಆದುದರಿಂದ ಈ ವಿಷಯ ನಮಗೆ ದೂರದ್ದಲ್ಲ.

ಬಾಡಿಗೆ ಮಿತಿಮೀರಿ ಏರದಂತೆಯೂ, ಮಾಲೀಕನು ಮನಬಂದಂತೆ ಬಾಡಿಗೆದಾರನನ್ನು ಹೊರಹಾಕದಂತೆಯೂ 1947ರಲ್ಲಿ ಮುಂಬಯಿ ಪ್ರಾಂತದಲ್ಲಿ ಒಂದು ಕಾಯಿದೆಯಾಯಿತು. ಅದರ ಸ್ಥಾನದಲ್ಲಿ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ, 1999, ಬಂದು, 2000ದ ಮಾರ್ಚ್ 31ರಿಂದ ಜಾರಿಯಲ್ಲಿದೆ. ಹಳೆಯ ಚಾಳುಗಳಲ್ಲಿ ಬಾಡಿಗೆ ಅತ್ಯಲ್ಪವಾಗಿಯೇ ಉಳಿಯಿತು. ನೆಲದ ಬೆಲೆ ಮಾತ್ರ ಮುಗಿಲು ಮುಟ್ಟಿತು. ಸೋರುವ ಕೋಣೆಗಾಗಿ ಯಾರೂ ಜಗಳವಾಡುವುದಿಲ್ಲ. ಆದರೆ ಸೆಸ್ ತೆರುವ ಹಳೆಯ ಕಟ್ಟಡವನ್ನು ನಗರಾಭಿವೃದ್ಧಿ ನಿಯಮ 33(7)ರಂತೆ ಮರುನಿರ್ಮಿಸುವಾಗ, ಅರ್ಹ ಬಾಡಿಗೆದಾರನಿಗೆ ಕನಿಷ್ಠ 300 ಚದರಡಿಯ ಹೊಸ ಮನೆ ಬೆಲೆಯಿಲ್ಲದೆ ಸ್ವಂತಕ್ಕೆ ದೊರೆಯುತ್ತದೆ. ಬಂಧುಗಳಲ್ಲಿ ವಿವಾದ ಹುಟ್ಟುವುದು ಇಲ್ಲಿಯೇ.

ಈ ಕಾಯಿದೆಯ 7(15)(ಡಿ) ಪ್ರಕರಣವು ವಾರಸುದಾರಿಕೆಯ ಕ್ರಮವನ್ನು ಹೇಳುತ್ತದೆ. ವಾಸದ ಮನೆಯಾದರೆ, ಬಾಡಿಗೆದಾರನು ತೀರಿಕೊಂಡಾಗ ಅವನೊಡನೆ ವಾಸವಾಗಿದ್ದ ಕುಟುಂಬದವರಿಗೆ ಹಕ್ಕು ಮೊದಲು ಸಲ್ಲುತ್ತದೆ. ಅಂಥವರು ಯಾರೂ ಇಲ್ಲದಿದ್ದರೆ ಮಾತ್ರ ಇತರ ವಾರಸುದಾರರ ಸರದಿ. ಅವರಲ್ಲಿ ಒಮ್ಮತವಿಲ್ಲದಿದ್ದರೆ ನ್ಯಾಯಾಲಯವೇ ತೀರ್ಮಾನಿಸಬೇಕು.

ಒಂದು ಕಲ್ಪಿತ ದೃಷ್ಟಾಂತವನ್ನು ನೋಡೋಣ. ಗಿರಣಿಯಲ್ಲಿ ದುಡಿದ ಮುದುಕನಿಗೆ ಇಬ್ಬರು ಮಕ್ಕಳು. ಮಗನು ಬೇರೆ ಊರಿನಲ್ಲಿ ಉದ್ಯೋಗಸ್ಥ. ವಿಧವೆಯಾದ ಮಗಳು ತಂದೆಯ ಜೊತೆಯಲ್ಲಿದ್ದು ಕೊನೆಯವರೆಗೂ ಅವನ ಶುಶ್ರೂಷೆ ಮಾಡಿದಳು. ತಂದೆಯ ಸ್ವಂತ ಆಸ್ತಿಯಾಗಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಇಬ್ಬರಿಗೂ ಸಮಪಾಲು. ಬಾಡಿಗೆಯ ಹಕ್ಕಿನಲ್ಲಿ ಹಾಗಲ್ಲ. ಜೊತೆಯಲ್ಲಿ ವಾಸವಾಗಿದ್ದ ಮಗಳಿಗೇ ಮೊದಲ ಸ್ಥಾನ. ತಂದೆ ಮಗನ ಹೆಸರಿಗೆ ಉಯಿಲು ಬರೆದಿಟ್ಟಿದ್ದರೆ? ಬಾಡಿಗೆಯ ಹಕ್ಕನ್ನು ಉಯಿಲಿನ ಮೂಲಕ ಕೊಡಲಾಗದೆಂದು 1947ರ ಕಾಯಿದೆಯ ಇಂಥದೇ ಪ್ರಕರಣವನ್ನು ಕುರಿತು ಸರ್ವೋಚ್ಚ ನ್ಯಾಯಾಲಯವು 1994ರಲ್ಲಿ ತೀರ್ಪಿತ್ತಿದೆ. ಕಾಯಿದೆಯ ಆಶಯ ಸ್ಪಷ್ಟ: ಮನೆಯ ಯಜಮಾನ ಸತ್ತಾಗ ಅದೇ ಸೂರಿನಡಿ ಇದ್ದವರು ಬೀದಿಪಾಲಾಗಬಾರದು.

ಇನ್ನು ಕಟ್ಟಡವೇ ನೆಲಸಮವಾದರೆ? ನಗರಪಾಲಿಕೆಯು ಕೆಡವಿದ ಕಟ್ಟಡವೊಂದರ ಬಾಡಿಗೆದಾರರ ಮೊಕದ್ದಮೆಯಲ್ಲಿ, ಗೋಡೆ ಬಿದ್ದಮಾತ್ರಕ್ಕೆ ಬಾಡಿಗೆಯ ಹಕ್ಕು ಅಳಿಯದು, ಅದು ನೆಲಕ್ಕೂ ಅಂಟಿಕೊಂಡಿದೆಯೆಂದು ಅದೇ ನ್ಯಾಯಾಲಯವು 2014ರಲ್ಲಿ ನಿರ್ಣಯಿಸಿತು. ಆದರೂ ಹಕ್ಕಿರುವುದು ಬೇರೆ, ಅದನ್ನು ರುಜುವಾತುಪಡಿಸುವುದು ಬೇರೆ. ಚಾಳು ಬಿದ್ದ ಮೇಲೆ ನೆರೆಯವರು ಚದುರಿಹೋಗುತ್ತಾರೆ. ಸಾಕ್ಷಿ ಹೇಳುವವರು ಸಿಗುವುದು ಕಷ್ಟ. ಆದ್ದರಿಂದ ಬಾಡಿಗೆ ರಸೀದಿ, ಪಡಿತರ ಚೀಟಿ, ಮತದಾರರ ಪಟ್ಟಿಯ ನಕಲು, ವಿದ್ಯುತ್ ಬಿಲ್ಲು, ಮರಣಪತ್ರ ಇವುಗಳನ್ನು ಮೊದಲೇ ಒಟ್ಟುಮಾಡಿ, ರಸೀದಿಯನ್ನು ತಮ್ಮ ಹೆಸರಿಗೆ ಬದಲಾಯಿಸುವಂತೆ ಮಾಲೀಕನನ್ನು ಲಿಖಿತವಾಗಿ ಕೇಳುವುದು ಲೇಸು. ಬಂಧುಗಳಲ್ಲಿ ಒಪ್ಪಂದವಾದರೆ ಅದನ್ನೂ ಬರೆದಿಡಬೇಕು. ಹೊಸ ಮನೆಯ ಕರಾರುಪತ್ರದಲ್ಲಿ ಯಾರ ಹೆಸರು ಸೇರುವುದೆಂಬುದೇ ಕೊನೆಯ ಮಾತು.

ನಮ್ಮ ರಾಜ್ಯದಲ್ಲಿ ಈ ರಕ್ಷಣೆ ಇಷ್ಟು ದೀರ್ಘವಲ್ಲ. ಕರ್ನಾಟಕದ 1999ರ ಬಾಡಿಗೆ ಕಾಯಿದೆಯ 5ನೆಯ ಪ್ರಕರಣದಂತೆ, ಮೃತನೊಡನೆ ವಾಸವಾಗಿದ್ದ ಅವಲಂಬಿತರಿಗೆ ಹಕ್ಕು ಬರುವುದು ಐದು ವರ್ಷಗಳ ಮಟ್ಟಿಗೆ ಮಾತ್ರ. ಒಂದೇ ದೇಶದಲ್ಲಿ ಗಡಿ ದಾಟಿದೊಡನೆ ನ್ಯಾಯ ಬದಲಾಗುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಆ ಚಾಳುಗಳಲ್ಲಿರುವವರಲ್ಲಿ ಹಲವರು ಕರಾರುಪತ್ರವನ್ನು ಓದಲಾರದೆ ಹೆಬ್ಬೆಟ್ಟು ಒತ್ತುವವರು. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ನಮ್ಮಂಥವರು ಅಂಥ ಒಂದು ಪತ್ರವನ್ನು ಹಿರಿಯರಿಗೆ ಓದಿ ತಿಳಿಸಿದರೂ ನಮ್ಮ ವಿದ್ಯೆ ಸಾರ್ಥಕವಾದಂತೆ.